ಪಾಂಡವರ ಮನೆಯಲ್ಲಿ ನಿದ್ದೆ

ಮಗು ಮತ್ತೆ ಅಳತೊಡಗಿದಾಗ ಪ್ರತಿಮಾ ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಒಂದು ಕೈ ಕಲ್ಲುಚಪ್ಪಡಿಯ ಮೇಲೆ, ಇನ್ನೊಂದು ಮಗುವಿನ ಬೆನ್ನ ಮೇಲೆ. ಟೇಪು ಬಿಟ್ಟರೆ ಅಳತೆ ಹೋಗುತ್ತದೆ. ಮಗು ಬಿಟ್ಟರೆ... ಆ ಮಾತನ್ನು ಮನಸ್ಸಿನಲ್ಲೂ ಮುಗಿಸದೆ ಟೇಪು ಬಿಟ್ಟಳು. ಅದು ಸರ್ರನೆ ಸುತ್ತಿಕೊಂಡು ಡಬ್ಬಿ ಸೇರಿತು.

"ರೀ, ಒಂದ್ನಿಮಿಷ ಇವಳನ್ನ ಹಿಡ್ಕೊಳ್ಳಿ."

ಅಶ್ವಥ್ ಬಂಡೆಯ ನೆರಳಲ್ಲಿ ಫೋನಿನಲ್ಲಿದ್ದ. ಬೆರಳೆತ್ತಿ ತೋರಿಸಿದ, ಒಂದು ನಿಮಿಷ. ರಾಮನಗರದ ಅವನ ಹಾರ್ಡ್‌ವೇರ್ ಅಂಗಡಿಗೆ ಪೈಪಿನ ಲೋಡು ಬಂದಿತ್ತು. ಅವನ ನಿಮಿಷ ಎಷ್ಟು ಉದ್ದವೆಂದು ಪ್ರತಿಮಾಗೆ ಗೊತ್ತಿತ್ತು.

ಮರಳವಾಡಿಯ ಆಚೆಗಿನ ಈ ಬೋಳುಗುಡ್ಡದ ಕಲ್ಲುಗಳಿಗೆ ಸುತ್ತಲಿನವರು ಪಾಂಡವರ ಮನೆ ಎನ್ನುತ್ತಾರೆ. ಪಾಂಡವರದೂ ಅಲ್ಲ, ಮನೆಯೂ ಅಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತವರಿಗಾಗಿ ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಮೂಡಣದ ಕಲ್ಲಿನಲ್ಲಿ ದುಂಡಗೆ ಕಿಂಡಿ ಕೊರೆದ ಗೋರಿಗಳು. ನಿಧಿಯ ಆಸೆಗೆ ಅಗೆದವರು ಅಗೆದು, ಈಗ ನೆಟ್ಟಗೆ ನಿಂತಿರುವುದು ಒಂದೇ.

ಕನಕಪುರದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಾಗ ಅವಳು ಪಿಎಚ್‌.ಡಿ.ಗೆ ಆರಿಸಿಕೊಂಡಿದ್ದು ಇವನ್ನೇ. ಬಸಿರಾದಾಗ ಪ್ರಬಂಧ ಅರ್ಧಕ್ಕೆ ನಿಂತಿತು. ಮಗು ಆದ್ಮೇಲೆ ಬರ್ಕೊಂಡ್ರಾಯ್ತು ಎಂದರು ಎಲ್ಲರೂ, ಮಗುವೆಂದರೆ ಬಂದು ಬಿಟ್ಟುಹೋಗುವ ಜ್ವರವೆಂಬಂತೆ. ಒಂದೇ ಒಂದು ದಿನ ಆ ಗುಡ್ಡಕ್ಕೆ ಕರಕೊಂಡು ಹೋಗಿ ಎಂದು ತಿಂಗಳುಗಟ್ಟಲೆ ಕೇಳಿದ ಮೇಲೆ ಸಿಕ್ಕಿದ ದಿನ ಇದು.

ಫೋನು ಮುಗಿಯಿತು.

"ಆಯ್ತಾ?"

"ಶುರುವೇ ಆಗಿಲ್ಲ."

"ಕೆಂಗಲ್ ದೇವಸ್ಥಾನಕ್ಕೆ ಹೋಗಿದ್ರೆ ಇಷ್ಟೊತ್ತಿಗೆ ಪೂಜೆ ಮುಗಿಸ್ಕೊಂಡು ಮನೇಲಿರ್ತಿದ್ವಿ."

"ನಾನು ಹೇಳಿದ್ನಲ್ಲ, ಇಲ್ಲಿ..."

"ಏನು?"

"ಏನಿಲ್ಲ."

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಗೋರಿಯ ಮುಂದೆ ಮಗುವಿನ ಸಮೇತ ಅವಳನ್ನು ನಿಲ್ಲಿಸಿದ. "ಒಸಿ ನಗು." ನಕ್ಕಳು. ಮಗು ನಗಲಿಲ್ಲ. ಆ ಫೋಟೊ ಆಗಲೇ ಮನೆಮಂದಿಯ ಗ್ರೂಪಿಗೆ ಹೊರಟಿತ್ತು, ನೆಟ್ ಸಿಗದೆ ಸುತ್ತುತ್ತಾ ನಿಂತಿತು.

"ಡೈಪರ್ ಬ್ಯಾಗು ಕಾರಲ್ಲೇ ಉಳೀತು. ತರ್ತೀನಿ. ಕೆಳಗೆ ನೆಟ್ಟೂ ಸಿಗುತ್ತೆ," ಎಂದು ಇಳಿದುಹೋದ.

ಪ್ರತಿಮಾ ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟಿದಳು, ತೂಗಿದಳು, ಗೋರಿಯ ಸುತ್ತ ನಡೆದಳು. ಅಮೂಲ್ಯಳ ಅಳು ಇಳಿಯಲಿಲ್ಲ. ಆಡು ಹೊಡೆದುಕೊಂಡು ಬಂದ ಮುದುಕಿಯೊಬ್ಬಳು ನಿಂತು ನೋಡಿದಳು.

"ನಿದ್ದೆಗೆ ಅಳ್ತಾ ಐತೆ ಕಣವ್ವ. ಒಳಕ್ಕೆ ಮಲಗ್ಸು. ತಣ್ಗೈತೆ."

"ಇದರೊಳಗಾ?"

"ನಮ್ ಐಕ್ಳನ್ನೆಲ್ಲ ಅಲ್ಲೇ ಮಲಗಿಸ್ತಿದ್ದೊ."

"ಅಜ್ಜಿ, ಇದು ಗೋರಿ."

"ಯಾರ್ದು?"

"ಗೊತ್ತಿಲ್ಲ."

"ಮತ್ತೆ?" ಎಂದು ಮುದುಕಿ ಆಡುಗಳ ಹಿಂದೆ ಹೋದಳು.

ಒಂದು ಪಕ್ಕದ ಚಪ್ಪಡಿ ಒಡೆದು ಬಗ್ಗಿ ನುಸುಳುವಷ್ಟು ಜಾಗವಾಗಿತ್ತು. ಹಾವು ಚೇಳು ಇಲ್ಲವೆಂದು ಮೊಬೈಲಿನ ಬೆಳಕಲ್ಲಿ ನೋಡಿ, ದುಪಟ್ಟಾ ಹಾಸಿ, ಮಗುವನ್ನು ಮಲಗಿಸಿದಳು. ತಣ್ಣನೆಯ ಕತ್ತಲೆ. ಅಮೂಲ್ಯ ಒಮ್ಮೆ ಬಿಕ್ಕಿ, ಮುಷ್ಟಿ ಬಿಚ್ಚಿ, ನಿದ್ದೆಹೋದಳು. ಮನೆಯ ತೊಟ್ಟಿಲಲ್ಲಿ ಒಮ್ಮೆಯೂ ಹೀಗೆ ಮಲಗಿದ್ದಿಲ್ಲ.

ಪ್ರತಿಮಾ ಸದ್ದಿಲ್ಲದೆ ತೆವಳಿ ಹೊರಬಂದಳು. ಎರಡು ಕೈ. ಎರಡೂ ಖಾಲಿ.

ಟೇಪು ಎಳೆದಳು. ಕಿಂಡಿಯ ಅಗಲ, ಚಪ್ಪಡಿಯ ಎತ್ತರ, ದಪ್ಪ. ಎಲ್ಲ ಹಿಂದೆ ಬರೆದಿಟ್ಟ ಹಾಗೆಯೇ ಇತ್ತು, ಕಲ್ಲು ಬೆಳೆಯುವುದಿಲ್ಲವಲ್ಲ. ಸಂತೋಷಕ್ಕಾಗಿ ಕಾದಳು. ಇಷ್ಟು ದಿನ ಯಾವುದಕ್ಕಾಗಿ ಹಲುಬಿದ್ದಳೋ ಅದು ಕೈಯಳತೆಯಲ್ಲಿ ನಿಂತಿತ್ತು, ಅವಳಿಗೆ ಹೇಳುವುದೇನೂ ಅದರ ಬಳಿ ಇರಲಿಲ್ಲ. ಅವಳು ಕೇಳಿದ್ದು ಕಲ್ಲನ್ನೇ? ಅಥವಾ ಈ ಖಾಲಿ ಕೈಗಳನ್ನೇ?

ಟೇಪನ್ನು ಅಲ್ಲೇ ಇಟ್ಟು ಇಳಿಜಾರಿಗೆ ನಡೆದಳು, ಸುಮ್ಮನೆ. ಕೈಬೀಸಿ ನಡೆಯುವುದು ಮರೆತೇಹೋಗಿತ್ತು. ಬಂಡೆ ದಾಟಿದಳು. ನೋಡುವುದೇನೂ ಇಲ್ಲದ ಕಡೆಗೂ ಇನ್ನಷ್ಟು ದೂರ ಹೋದಳು. ಗಾಳಿ ಬೀಸಿತು. ಹೆದರಿಕೆಯಾಗುವಷ್ಟು ಹಗುರವೆನಿಸಿತು.

ಕೆಳಗೆ, ಕಾರಿನ ಪಕ್ಕ ಬ್ಯಾಗು ಹಿಡಿದು ನಿಂತಿದ್ದ ಅಶ್ವಥ್ ತಲೆಯೆತ್ತಿ ಅವಳನ್ನು ಕಂಡ.

"ಪ್ರತಿಮಾ! ಮಗು ಎಲ್ಲಿ?"

"ಮಲಗಿದೆ."

"ಎಲ್ಲಿ?"

ಅವನು ಬ್ಯಾಗು ಎಸೆದು ಗುಡ್ಡ ಹತ್ತತೊಡಗಿದ, ಎಡವುತ್ತಾ, ಅವಳ ಹೆಸರು ಕೂಗುತ್ತಾ.

ಅಷ್ಟರಲ್ಲಿ ಹಿಂದಿನಿಂದ ಅಳು ಬಂತು. ಕಿಂಡಿಯಿಂದ ಹೊರಬಿದ್ದ ಆ ದನಿ ಕಲ್ಲಿಗೆ ತಾಗಿ ದೊಡ್ಡದಾಗಿತ್ತು, ಮುಪ್ಪಾಗಿತ್ತು, ಯಾವ ಮಗುವಿನದೂ ಅಲ್ಲವೆಂಬಂತೆ. ಪ್ರತಿಮಾಳ ಎದೆ ತೊರೆಯಿತು. ಹಾಲು ಜಿನುಗಿ ಕುರ್ತಾದ ಮೇಲೆ ಎರಡು ಕಪ್ಪು ಕಲೆಗಳು ಅಗಲವಾಗುತ್ತಾ ಹೋದವು. ಅವಳು ಅವನ್ನೇ ನೋಡುತ್ತ, ಕಾಲೆತ್ತದೆ, ಬಿಸಿಲಲ್ಲಿ ನೆಟ್ಟಗೆ ನಿಂತಿದ್ದಳು.