ಮುಚ್ಚಳದ ಪೆಟ್ಟಿಗೆ

ಮನೆ ಖಾಲಿ ಮಾಡುವ ದಿನ ಗಂಡಸರ ಕೈಗೆ ಹಳೇ ಪೇಪರ್ ಕೊಡಬಾರದು ಎಂಬ ಬುದ್ಧಿ ದೊಡ್ಡವಳಿಗೆ ಬರುವ ಹೊತ್ತಿಗೆ ಕಾಲ ಮೀರಿತ್ತು. ಗಾಜಿನ ಲೋಟಗಳನ್ನು ಸುತ್ತಿಡಿ ಎಂದು ಗಂಡನನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿ ಹೋಗಿದ್ದಳು. ತಿರುಗಿ ಬಂದು ನೋಡಿದರೆ ಆ ಪುಣ್ಯಾತ್ಮರು ಒಂದೇ ಒಂದು ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಯಾವುದೋ ಕಾಲದ ಪೇಪರಿನಲ್ಲಿ ಕಳೆದುಹೋದ ಹಸುವೊಂದರ ಸುದ್ದಿ ಓದುತ್ತಿದ್ದರು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಮನೆಯಲ್ಲಿ ಮಾತ್ರ ಎರಡಕ್ಕೆ ಎರಡು ಕೂಡಿಸಲು ಬಾರದು.

"ಹಸು ಸಿಕ್ತೋ ಇಲ್ವೋ ಗೊತ್ತಾಗ್ತಿಲ್ಲ ಕಣೆ. ಮುಂದಿನ ಹಾಳೆ ಎಲ್ಲೋ ಹೋಗಿದೆ."

"ಆ ಹಸು ಸತ್ತು, ಅದರ ಮೊಮ್ಮಕ್ಕಳು ಹಾಲು ಕೊಡ್ತಿರ್ತವೆ ಈಗ. ಲೋಟ ಸುತ್ತಿ."

ದೊಡ್ಡವಳು, ಚಿಕ್ಕವಳು ಎಂದು ಇಬ್ಬರು ಸೊಸೆಯರನ್ನು ಕರೆಯುತ್ತಿದ್ದದ್ದು ತೀರಿಹೋದ ಅತ್ತೆ. ಅತ್ತೆ ಹೋದರೂ ಆ ಹೆಸರುಗಳು ಹೋಗಲಿಲ್ಲ. ಅಣ್ಣ ತಮ್ಮಂದಿರ ಎರಡು ಸಂಸಾರ, ಒಂದೇ ಬಾಡಿಗೆ ಮನೆ, ಒಂದೇ ಅಡುಗೆಮನೆ. ಈಗ ಮನೆಯ ಯಜಮಾನ ತನಗೇ ಮನೆ ಬೇಕು ಎಂದು ಕೂತುಬಿಟ್ಟಿದ್ದ. ಎರಡೂ ಸಂಸಾರ ಹಿಡಿಯುವಂಥ ಮನೆಯನ್ನು ಊರೆಲ್ಲ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅಣ್ಣನಿಗೆ ಶಾಲೆಯ ಹತ್ತಿರ ಒಂದು ಮನೆ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ತಮ್ಮನಿಗೆ ಊರಿನ ಇನ್ನೊಂದು ತುದಿಯಲ್ಲಿ ಒಂದು ಮನೆ ಎಂದಾಯಿತು. ನಡುವೆ ಎರಡು ಬಸ್ ಬದಲಾಯಿಸಬೇಕು.

ದೊಡ್ಡವಳ ತಲೆ ಚಿಟ್ಟು ಹಿಡಿದಿದ್ದು ಲೋಟಗಳಿಂದಲ್ಲ. ಹೋದ ವಾರ ಚಿಕ್ಕವಳು ತನ್ನ ತಂಗಿಯ ಜೊತೆ ಫೋನಿನಲ್ಲಿ ಹೇಳಿದ್ದು ಕಿವಿಗೆ ಬಿದ್ದಿತ್ತು: "ಇನ್ನು ನನ್ನ ಅಡುಗೆಮನೆ ನಂದು ಕಣೆ. ಹೇಳೋರಿಲ್ಲ, ಕೇಳೋರಿಲ್ಲ." ಅಂದಿನಿಂದ ಆ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತ್ತು. ಬಾಣಂತನ ಮಾಡಿದ್ದು ಯಾರು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಯಾರು? ಹೊರಡುವ ಮುಂಚೆ ಅವಳ ಬಾಯಿಂದ ಒಂದು ಮಾತು ಬರಬೇಕಿತ್ತು, ನೀವಿಲ್ಲದೆ ಹೇಗಿರಲಿ ಅಕ್ಕ ಅಂತ. ಅಷ್ಟೇ ಸಾಕಿತ್ತು. ಆದರೆ ಆ ಮಹಾತಾಯಿ ಬೆಳಗಿನಿಂದ ಹಾಡು ಗುನುಗಿಕೊಂಡು ಪಾತ್ರೆ ಕಟ್ಟುತ್ತಿದ್ದಳು.

ಕಟ್ಟುವ ರೀತಿಯಾದರೂ ಹೇಗೆ? ಒಂದೊಂದು ಪಾತ್ರೆಗೂ ಅದರದೇ ಮುಚ್ಚಳ ಮುಚ್ಚಿ, ಒಳಗೆ ಒಂದು ಸೌಟೋ ಸಕ್ಕರೆ ಡಬ್ಬಿಯೋ ತುರುಕಿ, ಹಾಗೇ ಪೆಟ್ಟಿಗೆಗೆ ಇಡುತ್ತಿದ್ದಳು. ನಾಲ್ಕು ಪಾತ್ರೆಗೆ ಒಂದು ಪೆಟ್ಟಿಗೆ ತುಂಬಿಹೋಗುತ್ತಿತ್ತು.

"ಹೀಗೆ ಕಟ್ಟಿದ್ರೆ ಒಂದು ರೈಲೇ ಬೇಕಾಗುತ್ತೆ," ಅಂದಳು ದೊಡ್ಡವಳು. "ಪಾತ್ರೆ ಒಳಗೆ ಪಾತ್ರೆ ಕೂರಿಸು. ಮುಚ್ಚಳ ಎಲ್ಲಾ ಬೇರೆ ತೆಗೆದು ಒಂದೇ ಪೆಟ್ಟಿಗೇಲಿ ಜೋಡಿಸು. ಎಷ್ಟು ಸಲ ಹೇಳ್ಬೇಕು ನಿನಗೆ?"

"ಆಮೇಲೆ ಯಾವುದಕ್ಕೆ ಯಾವುದು ಅಂತ ಹುಡುಕ್ತಾ ಕೂರ್ಬೇಕಲ್ಲ ಅಕ್ಕ."

"ನನ್ನ ಮುಚ್ಚಳ ನನಗೆ ಗೊತ್ತಾಗಲ್ವಾ? ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳ್ತೀನಿ."

ಚಿಕ್ಕವಳು ಮಾತ್ರ ತನಗೆ ಬಂದ ಹಾಗೇ ಕಟ್ಟಿದಳು. ಆ ಹುಡುಗಿಯ ಹಟವೇ ಅಂಥದ್ದು. ದೊಡ್ಡವಳು ತನ್ನ ಪಾಲಿನದನ್ನು ತನ್ನ ರೀತಿಯಲ್ಲೇ ಕಟ್ಟಿದಳು. ದೊಡ್ಡ ಪಾತ್ರೆಯೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಮುಚ್ಚಳಗಳೆಲ್ಲ ಬೇರೆ ಪೆಟ್ಟಿಗೆಯಲ್ಲಿ, ನಡುನಡುವೆ ಹಸುವಿನ ಸುದ್ದಿಯ ಹಾಳೆಗಳು. ಪೆಟ್ಟಿಗೆ ಅಲ್ಲಾಡಿಸಿ ನೋಡಿದಳು. ಒಂದು ಚೂರು ಸದ್ದಿಲ್ಲ. ಹೀಗಿರಬೇಕು ಕೆಲಸ ಎಂದು ಚಿಕ್ಕವಳ ಕಡೆ ನೋಡಿದರೆ, ಅವಳು ನೋಡಲೇ ಇಲ್ಲ.

ಪೆಟ್ಟಿಗೆಗಳ ಮೇಲೆ ಬರೆಯುವ ಕೆಲಸವನ್ನು ಮೈದುನ ತಾನೇ ಮೈಮೇಲೆ ಹಾಕಿಕೊಂಡಿದ್ದ. ದಪ್ಪ ಪೆನ್ನು ಹಿಡಿದು ಒಂದೊಂದರ ಮೇಲೂ ಮುದ್ದಾಗಿ ‘ಅಡುಗೆಮನೆ’ ಎಂದು ಬರೆದ. ಲಾರಿಗಳೆರಡೂ ಹೊರಟುಹೋದ ಮೇಲೆ ದೊಡ್ಡವಳಿಗೆ ಅನುಮಾನ ಬಂತು.

"ಯಾರ ಅಡುಗೆಮನೆ ಅಂತ ಬರೆದ್ಯೇನಪ್ಪ?"

ಮೈದುನ ಕಕ್ಕಾಬಿಕ್ಕಿಯಾದ. "ಅಡುಗೆಮನೆ ಅಂದ್ರೆ ಅಡುಗೆಮನೆ ಅಲ್ವಾ ಅತ್ತಿಗೆ?"

ಅವನನ್ನು ಅಂದು ಪ್ರಯೋಜನವಿರಲಿಲ್ಲ. ಆ ಮನೆಯಲ್ಲಿ ಇಷ್ಟು ವರ್ಷ ಅಡುಗೆಮನೆ ಎಂದರೆ ಒಂದೇ ಇತ್ತು. ಯಾರದು ಎಂದು ಕೇಳುವ ಪ್ರಮೇಯವೇ ಯಾರಿಗೂ ಬಂದಿರಲಿಲ್ಲ.

ಹೊಸ ಮನೆಗೆ ಬಂದು ಪೆಟ್ಟಿಗೆಗಳನ್ನು ಬಿಚ್ಚಿದಾಗ ಅಂದುಕೊಂಡಂತೆಯೇ ಆಗಿತ್ತು. ಪಾತ್ರೆಗಳೆಲ್ಲ ಇದ್ದವು. ಮುಚ್ಚಳ ಒಂದೂ ಇಲ್ಲ. ಅವುಗಳ ಬದಲು ಚಿಕ್ಕವಳ ಪೆಟ್ಟಿಗೆಯೊಂದು ಬಂದು ಕೂತಿತ್ತು. ಅದರಲ್ಲಿದ್ದ ನಾಲ್ಕೂ ಪಾತ್ರೆಗಳು ತಂತಮ್ಮ ಮುಚ್ಚಳ ಹಾಕಿಕೊಂಡು ಆರಾಮಾಗಿದ್ದವು. ದೊಡ್ಡವಳಿಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಫೋನ್ ಬಂತು.

"ಅಕ್ಕಾ, ನಿಮ್ಮ ಮುಚ್ಚಳ ಎಲ್ಲಾ ನಮ್ಮನೇಲಿವೆ."

ನಾನು ಹೇಳಿರಲಿಲ್ವಾ ಅನ್ನುತ್ತಾಳೆ ಎಂದು ದೊಡ್ಡವಳು ಹಲ್ಲು ಕಚ್ಚಿಕೊಂಡು ಕಾದಳು. ಚಿಕ್ಕವಳು ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

"ನಿನ್ನ ಗಂಡನ ಕೈಲಿ ಕಳಿಸಿಬಿಡು."

"ಬೇಡ ಅಕ್ಕ, ರಜಾ ದಿನ ನಾನೇ ತರ್ತೀನಿ."

ಆ ವಾರವೆಲ್ಲ ಮನೆಯಲ್ಲಿ ದೊಡ್ಡ ಫಜೀತಿ. ಚಿಕ್ಕವಳ ಪಾತ್ರೆ ಮುಟ್ಟಲು ಒಲ್ಲದೆ ದೊಡ್ಡವಳು ತನ್ನ ಪಾತ್ರೆಗಳ ಮೇಲೆ ತಟ್ಟೆ ಮುಚ್ಚಿದಳು. ಆಮೇಲೆ ಉಣ್ಣಲು ತಟ್ಟೆ ಸಾಲಲಿಲ್ಲ. ಮೇಷ್ಟ್ರು ಊಟಕ್ಕೆ ಕೂತು ತಟ್ಟೆ ಕೇಳಿದರೆ, ಯಾವ ಪಾತ್ರೆ ಬಾಯಿ ತೆರೀಲಿ ಹೇಳಿ, ಎಂದು ಅವರ ಮೇಲೇ ಹರಿಹಾಯುತ್ತಿದ್ದಳು. ಕೊನೆಗೆ ಅವರೇ ಒಂದು ಉಪಾಯ ಮಾಡಿ ಹಾಲಿನ ಪಾತ್ರೆಯ ಮೇಲೆ ತಮ್ಮ ಲೆಕ್ಕದ ಪುಸ್ತಕ ಇಟ್ಟರು. ಅದು ಬೀಳಲೂ ಇಲ್ಲ, ಜಾರಲೂ ಇಲ್ಲ. ಅದನ್ನು ನೋಡಿ ದೊಡ್ಡವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ಬೈಯಲು ಪಕ್ಕಕ್ಕೆ ತಿರುಗಿದರೆ ಯಾರೂ ಇರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಮುಚ್ಚಳಕ್ಕಿಂತ ಅದೇ ಹೆಚ್ಚು ಕಾಡುತ್ತಿತ್ತು. ಅವಳಿಗೇನು, ಅವಳ ಅಡುಗೆಮನೆ ಅವಳದು, ಖುಷಿಯಾಗಿರ್ತಾಳೆ ಎಂದು ತನ್ನ ಮೇಲೇ ರೇಗಿಕೊಂಡಳು.

ಭಾನುವಾರ ಮಧ್ಯಾಹ್ನ ಚಿಕ್ಕವಳು ಬಂದಳು. ಹೆಗಲಲ್ಲಿ ದೊಡ್ಡದೊಂದು ಚೀಲ. ಬಿಸಿಲಿಗೆ ಮುಖ ಕೆಂಪಾಗಿತ್ತು. ಚೀಲದೊಳಗೆ ಕೈ ಹಾಕಿ ಒಂದು ಮುಚ್ಚಳ ತೆಗೆದು ಕಟ್ಟೆಯ ಮೇಲಿಟ್ಟಳು. ಹಾಲಿನ ಪಾತ್ರೆಯದು.

"ಉಳಿದದ್ದು?"

"ಇಷ್ಟೇ ಹಿಡೀತು ಅಕ್ಕ."

ದೊಡ್ಡವಳು ಚೀಲವನ್ನು ನೋಡಿದಳು. ಎರಡು ಕುಂಬಳಕಾಯಿ ಹಾಕಿದರೂ ಜಾಗ ಉಳಿಯುವಂಥ ಚೀಲ.

"ಎರಡು ಬಸ್ ಬದಲಾಯಿಸಿ ಒಂದು ಮುಚ್ಚಳ ತಂದ್ಯಾ? ನಿನ್ನ ತಲೆ ನೆಟ್ಟಗಿದೆಯಾ?"

ಚಿಕ್ಕವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು.

"ಬೈರಿ ಅಕ್ಕ. ಅಲ್ಲಿ ಬೈಯೋರು ಯಾರೂ ಇಲ್ಲ. ನನ್ನ ಅಡುಗೆಮನೆ ನಂದು ಅಂತ ಕುಣಿದಾಡಿದೆ. ಎರಡು ದಿನ ಚೆನ್ನಾಗಿತ್ತು. ಆಮೇಲೆ ಒಲೆ ಹಚ್ಚಿ ತಿರುಗಿದ್ರೆ ಬರೀ ಗೋಡೆ. ನೀವು ಪಕ್ಕದಲ್ಲಿಲ್ದೆ ಮಾಡಿದ ಅಡುಗೆ ಗಂಟಲಲ್ಲಿ ಇಳೀತಿಲ್ಲ."

ದೊಡ್ಡವಳಿಗೆ ಕಣ್ಣು ತುಂಬಿ ಬಂತು. ಇದೇ ಮಾತಿಗೆ ಅವಳು ಅಷ್ಟು ದಿನ ಕಾದಿದ್ದು. ಒಲೆಯ ಕಡೆ ತಿರುಗಿ ಚಹಾಕ್ಕೆ ನೀರಿಟ್ಟಳು. ಚಿಕ್ಕವಳು ಅಭ್ಯಾಸಬಲದಿಂದ ಪಕ್ಕಕ್ಕೆ ಬಂದು ನಿಂತು ಸಕ್ಕರೆ ಹಾಕಿದಳು.

"ಅಷ್ಟೊಂದು ಸಕ್ಕರೆ ಯಾರಾದ್ರೂ ಸುರೀತಾರಾ?" ಎಂದು ಗದರಿದಳು ದೊಡ್ಡವಳು. ಆ ವಾರದಲ್ಲಿ ಮೊದಲ ಸಲ ಅವಳಿಗೆ ಹಾಯೆನಿಸಿತು.

ಬಿಸಿಲು ಇಳಿದ ಮೇಲೆ ಚಿಕ್ಕವಳು ಹೊರಟಳು. ದೊಡ್ಡವಳು ಕಟ್ಟೆಯ ಮೇಲಿದ್ದ ಮುಚ್ಚಳವನ್ನು ಎತ್ತಿ ಹಾಲಿನ ಪಾತ್ರೆಯ ಮೇಲೆ ಇಟ್ಟು ನೋಡಿದಳು. ಕೂದಲೆಳೆಯಷ್ಟೂ ಸಂದಿಲ್ಲದ ಹಾಗೆ ಕೂತಿತು. ಮತ್ತೆ ತೆಗೆದಳು, ಪೇಪರ್ ಸುತ್ತಿದಳು, ಚಿಕ್ಕವಳ ಚೀಲಕ್ಕೆ ತುರುಕಿದಳು.

"ಇದು ಆ ಪಾತ್ರೆದಲ್ಲ."

"ಈಗ ತಾನೇ ಸರಿಯಾಗಿ ಕೂತಿತ್ತಲ್ಲ ಅಕ್ಕ?"

"ಇಷ್ಟು ವರ್ಷ ಹಾಲು ಕಾಯಿಸಿದ್ದು ನೀನಾ, ನಾನಾ? ಅಲ್ಲ ಅಂದ್ರೆ ಅಲ್ಲ. ಮುಂದಿನ ಭಾನುವಾರ ಸರಿಯಾದ್ದು ತಗೊಂಡು ಬಾ. ಒಂದೇ ತಾ, ಭಾರ ಹೊರಬೇಡ."

ಮೂಲೆಯಲ್ಲಿ ಹಳೇ ಪೇಪರ್ ಹಿಡಿದು ಕೂತಿದ್ದ ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಅಲ್ಲ ಕಣೆ, ಅದು ಅದೇ ಮುಚ್ಚಳ ಅಲ್ವಾ?"

"ನೀವು ಹಸು ಸಿಕ್ತಾ ನೋಡಿ," ಎಂದು ದೊಡ್ಡವಳು ಲೆಕ್ಕದ ಪುಸ್ತಕವನ್ನು ಹಾಲಿನ ಪಾತ್ರೆಯ ಮೇಲೆ ಮುಚ್ಚಿದಳು.