ಬೂದಿಗೆ ಇಂಗ್ಲಿಷ್ ಬರುತ್ತಿರಲಿಲ್ಲ

ಐರ್ಲೆಂಡಿನ ಕಿಲ್ಕೆನ್ನಿಯಿಂದ ಹದಿನೈದು ಕಿಲೋಮೀಟರ್ ಆಚೆ ಮೂರು ಎಕರೆ ಜಾಗ, ಒಂದು ಹಳೇ ಮನೆ, ಕಲ್ಲುಗೋಡೆಯ ಒಂದು ಕೊಟ್ಟಿಗೆ ಕೊಂಡಾಗ ಇವುಗಳ ಜೊತೆ ಇಲಿಗಳೂ ಬರುತ್ತವೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಹನ್ನೆರಡು ಕೋಳಿ ತಂದು ಬಿಟ್ಟಿದ್ದೇ ತಡ, ಕೋಳಿಗಳಿಗಿಂತ ಮೊದಲು ಇಲಿಗಳ ಸಂಸಾರ ಬೆಳೆಯಿತು. ಕಾಳಿನ ಚೀಲ ತೂತಾಯಿತು, ಕೂಡಿಟ್ಟ ಆಲೂಗಡ್ಡೆ ಅರ್ಧಕ್ಕರ್ಧ ಹೋಯಿತು, ಕೊನೆಗೆ ಕಾರಿನ ವೈರನ್ನೂ ಬಿಡಲಿಲ್ಲ. ಸಂಪತ್ ಆಸ್ಪತ್ರೆಯಲ್ಲಿ ಡಾಕ್ಟರು. ಅಲ್ಲಿ ಎಂಥ ರಕ್ತ ಕಂಡರೂ ಅಳುಕದವನು, ಕೊಟ್ಟಿಗೆಯಲ್ಲಿ ಇಲಿ ಕಂಡರೆ ಬಾಗಿಲ ಹೊರಗೆ ನಿಂತು ಹೆಂಡತಿ ನೀರಜಾಳನ್ನು ಕೂಗುತ್ತಿದ್ದ. ವಿಷ ಇಟ್ಟುಬಿಡೋಣ ಎಂದ.

ನೀರಜಾ ಸುತರಾಂ ಒಪ್ಪಲಿಲ್ಲ. ಹಿರಿಯೂರಿನ ಅವಳ ಅಜ್ಜಿ ಬಸಲಿಂಗಮ್ಮ ಶೇಂಗಾ ಚೀಲಗಳ ಕಾವಲಿಗೆ ಬೆಕ್ಕು ಸಾಕಿಕೊಂಡೇ ಬದುಕಿದವರು. "ವಿಷ ಇಡೋದು ಇಲಿಗೇ. ಆದ್ರೆ ಯಾರು ತಿಂತಾರೆ ಅನ್ನೋದು ಇಟ್ಟೋಳ ಕೈಲಿರಲ್ಲ" ಎನ್ನುತ್ತಿದ್ದರು. ಆ ಮಾತನ್ನು ಮೊಮ್ಮಗಳು ಇಷ್ಟು ದೂರ ಹೊತ್ತುಕೊಂಡು ಬಂದಿದ್ದಳು.

ಹಾಗಾಗಿ ಏಪ್ರಿಲ್‌ನಲ್ಲಿ ಎರಡು ಬೆಕ್ಕು ಬಂದವು. ಮನುಷ್ಯರಿಗೆ ಒಗ್ಗದ ಬೀದಿಬೆಕ್ಕುಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ, ಕೊಟ್ಟಿಗೆ ಇರುವವರಿಗೆ ಕೊಡುವ ಒಂದು ಸಂಸ್ಥೆ ಇತ್ತು. ತಂದುಕೊಟ್ಟ ಹೆಂಗಸು ಕಟ್ಟುನಿಟ್ಟಾಗಿ ಹೇಳಿ ಹೋದಳು: ಒಂದು ತಿಂಗಳು ಕೊಟ್ಟಿಗೆಯಿಂದ ಹೊರಗೆ ಬಿಡಬೇಡಿ, ಇಲ್ಲದಿದ್ದರೆ ಬಂದ ದಾರಿ ಹುಡುಕಿಕೊಂಡು ಓಡಿಹೋಗುತ್ತವೆ. ಹೊತ್ತುಹೊತ್ತಿಗೆ ಊಟ ಹಾಕಿ, ಹೊಟ್ಟೆ ತುಂಬಿದ ಬೆಕ್ಕೇ ಚೆನ್ನಾಗಿ ಬೇಟೆಯಾಡುವುದು. ದಿನವೂ ಒಂದೇ ಮಾತಿನಲ್ಲಿ ಕರೆಯಿರಿ. ನೀರಜಾಳ ಬಾಯಿಗೆ ಬಂದಿದ್ದು ಅಜ್ಜಿಯ ಮಾತು. "ಬಾ ಬಾ ಬಾ, ಊಟಕ್ಕೆ ಬಾ" ಎಂದಳು. ಬೂದು ಬಣ್ಣದ್ದು ಬೂದಿ, ಬಿಳಿ ಎದೆಯ ಮೇಲೆ ಕರಿ ಮಚ್ಚೆಯದ್ದು ಚುಕ್ಕಿ.

ಇಲ್ಲಿಂದ ಒಂದು ವಿಚಿತ್ರ ಶುರುವಾಯಿತು. ಒಂಬತ್ತು ವರ್ಷದ ಮಗಳು ತನ್ವಿ ಹುಟ್ಟಿದ್ದು ಐರ್ಲೆಂಡಿನಲ್ಲೇ. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಇಲ್ಲಿಯವರ ರಾಗದಲ್ಲಿ. ನೀರಜಾ ಗದರಿದ್ದಳು, ಮುದ್ದು ಮಾಡಿದ್ದಳು, ಚಾಕೊಲೇಟಿನ ಲಂಚ ಕೊಟ್ಟಿದ್ದಳು. ಯಾವುದೂ ನಡೆಯಲಿಲ್ಲ. ಒಂದು ಸಂಜೆ ಕೊಟ್ಟಿಗೆಯ ಹತ್ತಿರ ಹೋದರೆ ಒಳಗಿನಿಂದ ಕನ್ನಡ ಕೇಳಿಸಿತು. "ಹೆದರ್ಬೇಡ ಬೂದಿ. ನಾನು ಮುಟ್ಟಲ್ಲ. ನೀನು ತಿನ್ನು, ನಾನು ಸುಮ್ನೆ ಕೂತಿರ್ತೀನಿ."

ನೀರಜಾ ಗೋಡೆಗೆ ಒರಗಿ ನಿಂತುಬಿಟ್ಟಳು. ಆಮೇಲೆ ಬೆಕ್ಕುಗಳ ಜೊತೆ ಯಾವ ಭಾಷೆ ಎಂದು ಏನೂ ಗೊತ್ತಿಲ್ಲದವಳ ಹಾಗೆ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ, ಇಷ್ಟೂ ತಿಳಿಯದೇ ಎನ್ನುವಂತೆ ಹೇಳಿದಳು: ಅವಕ್ಕೆ ಇಂಗ್ಲಿಷ್ ಬರಲ್ಲ, ಮ್ಯಾಮ್. ಅಮ್ಮನನ್ನು ಇಲ್ಲಿಯ ಮಕ್ಕಳು ಕರೆಯುವುದು ಹಾಗೆ.

ಬೆಕ್ಕಿಗೆ ಬಂದ ಭಾಗ್ಯ ತನಗೂ ಒಂದು ದಿನ ಬಂದೀತು ಎಂದು ನೀರಜಾ ಕಾದಳು. ಇಲಿ ಕಡಿಮೆಯಾದದ್ದಕ್ಕಿಂತ ಈ ಆಸೆಯೇ ಅವಳಿಗೆ ದೊಡ್ಡದಾಯಿತು.

ಪಕ್ಕದ ಹೊಲದವನು ಮಾಸೀ ಫೀಲನ್. ಎಪ್ಪತ್ತು ದಾಟಿದ ಒಂಟಿ ರೈತ. ಸ್ಕೂಲ್ ಬಸ್ಸು ನಿಲ್ಲುವುದು ಅವನ ಗೇಟಿನ ಮುಂದೆ. ನೀರಜಾ ಮನೆಯಿಂದಲೇ ಬೆಂಗಳೂರಿನ ಟೀಮಿನ ಜೊತೆ ಕೆಲಸ ಮಾಡುವವಳು, ಮೀಟಿಂಗ್ ಮುಗಿಯುವ ತನಕ ತನ್ವಿ ಅವನ ಅಡುಗೆಮನೆಯಲ್ಲಿ ಅವನ ಮುದಿನಾಯಿಗೆ ಬಿಸ್ಕತ್ತು ತಿನ್ನಿಸುತ್ತ ಕೂತಿರುತ್ತಿದ್ದಳು. ಮಾಸೀಗೆ ಮೊದಲ ಸಲ ಚಹಾ ಬೇಕೇ ಎಂದಾಗ ಅವನು "ಯೂ ಆರ್ ಗ್ರ್ಯಾಂಡ್" ಎಂದಿದ್ದ. ಬೇಡ ಎಂದರ್ಥ. ಬರೀ "ಗ್ರ್ಯಾಂಡ್" ಎಂದರೆ ಹೂಂ, ಆಗಲಿ. ಈ ವ್ಯತ್ಯಾಸ ಕಲಿಯಲು ನೀರಜಾಗೆ ಎರಡು ವರ್ಷ ಹಿಡಿದಿತ್ತು. ಲಿಮೆರಿಕ್‌ನಲ್ಲಿ ರಾಜ್ಯೋತ್ಸವಕ್ಕೆ ಸೇರಿದಾಗ ಹೊಸದಾಗಿ ಬಂದವರಿಗೆಲ್ಲ ಅವಳೇ ಪಾಠ ಹೇಳುತ್ತಿದ್ದಳು. "ಯೂ ಆರ್ ಇದ್ರೆ ಬೇಡ, ಇಲ್ದಿದ್ರೆ ಬೇಕು. ಇದು ಗೊತ್ತಿಲ್ದೆ ನಾನು ಎಷ್ಟು ಜನಕ್ಕೆ ಬಲವಂತವಾಗಿ ಟೀ ಕುಡಿಸಿದೀನೋ" ಎಂದು ನಗಿಸುತ್ತಿದ್ದಳು.

ಅಕ್ಟೋಬರ್‌ನ ಒಂದು ಸೋಮವಾರ ಮಾಸೀ ಕಿಟಕಿಯ ಹತ್ತಿರ ಬಂದ. ಕಟಾವಾದ ಹೊಲದಿಂದ ಹೆಗ್ಗಣಗಳು ಈ ಕಡೆ ನುಗ್ಗುತ್ತಿವೆ, ನನ್ನ ಕಡೆ ವಿಷ ಇಡುತ್ತಿದ್ದೇನೆ, ನಿಮ್ಮ ಕೊಟ್ಟಿಗೆಯ ಹಿಂದೆಯೂ ಎರಡು ಡಬ್ಬಿ ಇಡಲೇ ಎಂದು ಕೇಳಿದ. ನೀರಜಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದಳು. ಅವನತ್ತ ಕೈಯಾಡಿಸಿ, ಬೇಡ ಎಂದುಕೊಂಡೇ ಒಂದು ಮಾತು ಹೇಳಿದಳು. ಅವನು ತಲೆದೂಗಿ ಹೋದ.

ಎಂಟನೇ ದಿನ ಬೂದಿ ಊಟಕ್ಕೆ ಬರಲಿಲ್ಲ. ಹುಲ್ಲಿನ ಮೇಲೆ ಬಿದ್ದಿತ್ತು, ಮೂಗಿನಿಂದ ರಕ್ತ. ಆರು ತಿಂಗಳಲ್ಲಿ ಒಮ್ಮೆಯೂ ಮುಟ್ಟಗೊಡದ ಬೆಕ್ಕು ಅವತ್ತು ತನ್ವಿಯ ಮಡಿಲಲ್ಲಿ ಸುಮ್ಮನೆ ಮಲಗಿತು. ಸಂಪತ್ ಅದರ ಒಸಡು ನೋಡಿ, "ಇಲಿ ಪಾಷಾಣ. ರಕ್ತ ಹೆಪ್ಪುಗಟ್ಟೋದೇ ಇಲ್ಲ ಇದ್ರಲ್ಲಿ. ವಿಷ ತಿಂದ ಇಲಿನ ತಿಂದಿದೆ" ಎಂದ. ಪಶುವೈದ್ಯರ ಮೇಜಿನ ಮೇಲೆ ಮಧ್ಯಾಹ್ನದೊಳಗೆ ಬೂದಿ ಸತ್ತಿತು. ಚುಕ್ಕಿಗೆ ಮಾತ್ರೆ ಕೊಟ್ಟರು, ಅದು ಉಳಿಯಿತು.

ಅವತ್ತು ಬೆಳಗ್ಗೆ ಕೊಟ್ಟಿಗೆಯ ಹಿಂದೆ ಮಾಸೀಯ ಡಬ್ಬಿಗಳನ್ನು ಕಂಡಿದ್ದ ತನ್ವಿ ಕಾರಿನಲ್ಲಿ ಕೇಳಿದಳು, ಇಂಗ್ಲಿಷಿನಲ್ಲೇ. ಮಾಸೀಗೆ ನೀನು ಇಡು ಅಂದೆಯಾ?

"ಇಲ್ಲ ಕಣೇ. ಬೇಡ ಅಂತ ಹೇಳಿದ್ದೆ" ಎಂದಳು ನೀರಜಾ.

ಹೇಳುವಾಗಲೇ ಅನುಮಾನ ಹುಟ್ಟಿತು. 'ಯೂ ಆರ್' ಎಂದಿದ್ದೆನೋ ಇಲ್ಲವೋ? ನೆನಪು ಮಾಡಿಕೊಂಡಷ್ಟೂ ನೆನಪೇ ಅವಳ ಪರ ಸಾಕ್ಷಿ ಹೇಳತೊಡಗಿತು.

ಸಂಪತ್ ಮಾಸೀಗೆ ಫೋನ್ ಮಾಡಿ ಒರಟಾಗಿಯೇ ಮಾತಾಡಿದ. ಅರ್ಧ ಗಂಟೆಯಲ್ಲಿ ಮುದುಕ ಬಂದ, ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಡಬ್ಬಿಗಳನ್ನೆಲ್ಲ ತೆಗೆದೆ ಎಂದ. ನೀರಜಾಳ ಮುಖವನ್ನು ಒಂದು ಗಳಿಗೆ ನೋಡಿ, "ನಾನೇ ತಪ್ಪು ಕೇಳಿಸಿಕೊಂಡಿರಬೇಕು. ಕಿವಿ ಮೊದಲಿನ ಹಾಗಿಲ್ಲ" ಎಂದ. ನೀರಜಾ ಏನೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ತನಗೆ ಕಾಣದಿದ್ದರೆ ಊರಿಗೂ ಕಾಣುವುದಿಲ್ಲ ಎಂದುಕೊಂಡು ನಿಂತಿದ್ದಳು.

ಮಾರನೆಯ ದಿನದಿಂದ ತನ್ವಿ ಮಾಸೀಯ ಮನೆಯೊಳಗೆ ಹೋಗಲಿಲ್ಲ. ಬಸ್ಸಿಳಿದು ರಸ್ತೆಯ ಆಚೆ ಬದಿಯಲ್ಲಿ ತುಂತುರಿನಲ್ಲಿ ನೆನೆಯುತ್ತ ನಿಲ್ಲುತ್ತಿದ್ದಳು. ಅವನ ನಾಯಿ ಗೇಟಿನ ಸಂದಿಯಿಂದ ನೋಡುತ್ತಿತ್ತು. ಕೊಟ್ಟಿಗೆಯಲ್ಲಿ ಚುಕ್ಕಿಗೆ ತಟ್ಟೆ ಇಟ್ಟು ಮಾತಿಲ್ಲದೆ ಬರುತ್ತಿದ್ದಳು. ಕನ್ನಡ ಕೊಟ್ಟಿಗೆಯಿಂದಲೂ ಹೊರಟುಹೋಯಿತು.

ಎರಡು ವಾರ ಹೀಗೇ ನಡೆಯಿತು. ಮುಂದಿನ ಸೋಮವಾರದ ಮೀಟಿಂಗ್ ಕೊನೆಯಲ್ಲಿ ಬೆಂಗಳೂರಿನ ವಿಕ್ರಮ್ ತಮಾಷೆಗೆ ಕೇಳಿದ. "ನೀರಜಾ, ಈ ಮಾಸೀ ಯಾರು? ಅವತ್ತಿನ ಡಿಸೈನ್ ಮೀಟಿಂಗ್ ರೆಕಾರ್ಡಿಂಗ್ ಈಗ ನೋಡ್ತಿದ್ದೆ. ನಾವು ತಲೆ ಕೆಡಿಸ್ಕೊಂಡು ಕೂತಿದ್ರೆ ನೀವು ಮ್ಯೂಟ್ ಮಾಡ್ದೆ ಯಾರ ಜೊತೆಗೋ ಮಾತಾಡ್ತಿದೀರಿ."

ಅವಳು ಆ ರೆಕಾರ್ಡಿಂಗ್ ತೆರೆಯದೆ ಇರಬಹುದಿತ್ತು. ತೆರೆಯಬಾರದು ಎಂದು ಮನಸ್ಸು ಒಂದೇ ಸಮನೆ ಹೇಳುತ್ತಿತ್ತು. ಇಪ್ಪತ್ತೆರಡನೇ ನಿಮಿಷದಲ್ಲಿ ಮಾಸೀಯ ದನಿ ದೂರದಿಂದ ಕೇಳಿಸಿತು, ಆಮೇಲೆ ಅವಳದೇ ದನಿ ಹತ್ತಿರದಿಂದ, ಸ್ಪಷ್ಟವಾಗಿ: "ಗ್ರ್ಯಾಂಡ್, ಮಾಸೀ, ಗ್ರ್ಯಾಂಡ್." ಮತ್ತೆ ಹಾಕಿದಳು, ಇನ್ನೊಮ್ಮೆ ಹಾಕಿದಳು. 'ಯೂ ಆರ್' ಎಲ್ಲೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುದುಕನ ಕಿವಿ ಸರಿಯಾಗಿಯೇ ಇತ್ತು, ಅದು ಅವನಿಗೂ ಗೊತ್ತಿತ್ತು.

ಬಸ್ಸು ಬರುವ ಹೊತ್ತಿಗೆ ನೀರಜಾ ಅಲ್ಲಿಗೆ ಹೋದಳು. ತನ್ವಿಯ ಕೈ ಹಿಡಿದು ರಸ್ತೆ ದಾಟಿಸಿದಳು. ಹುಡುಗಿ ಕೊಸರಿಕೊಂಡಳು, ಆದರೂ ಬಂದಳು. ಮಾಸೀ ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದ.

"ಮಾಸೀ, ನೀವು ಕೇಳಿದಾಗ ನಾನು ಗ್ರ್ಯಾಂಡ್ ಅಂದೆ. ಬರೀ ಗ್ರ್ಯಾಂಡ್. ನೀವು ತಪ್ಪು ಕೇಳಿಸಿಕೊಳ್ಳಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. "ನಾನು ಸುಮ್ಮನಿದ್ದು ನಿಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡಿದೆ."

ಮಾಸೀ ಕೈಯಲ್ಲಿದ್ದ ಸೌದೆಯನ್ನು ನಿಧಾನವಾಗಿ ಇಟ್ಟ. "ಆಹ್, ಯೂ ಆರ್ ಗ್ರ್ಯಾಂಡ್, ನೀರಜಾ" ಎಂದ. ಆ ಮಾತಿಗೆ ಹೋಗಲಿ ಬಿಡು ಎಂಬ ಅರ್ಥವೂ ಇತ್ತು.

ತನ್ವಿ ತಾಯಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಹೋಗಿ ಮುದುಕನ ಪಕ್ಕದಲ್ಲಿ, ನಾಯಿಯ ಕತ್ತಿನ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಬೂದಿಯ ಜೊತೆ ಮಾತಾಡುತ್ತಿದ್ದ ಅದೇ ಮೆಲುದನಿಯಲ್ಲಿ, ಒಂಬತ್ತು ವರ್ಷ ನೀರಜಾ ಕಾದಿದ್ದ ಕನ್ನಡದಲ್ಲಿ, ತಾಯಿಯ ಮುಖ ನೋಡಿ ಹೇಳಿದಳು.

"ನೀನು ನಂಗೆ ಸುಳ್ಳು ಹೇಳ್ದೆ ಅಮ್ಮ."

ಒಂದು ಅಕ್ಷರವೂ ತಪ್ಪಿರಲಿಲ್ಲ. ಅದು ಹಿರಿಯೂರಿನಲ್ಲಿ ಬಸಲಿಂಗಮ್ಮನೇ ಆಡಿದ ಹಾಗಿತ್ತು.

ಮಾಸೀ ಇಬ್ಬರ ಮುಖವನ್ನೂ ನೋಡಿದ. "ಏನೆಂದಳು ಮಗು?" ಎಂದು ನೀರಜಾಳನ್ನು ಕೇಳಿದ.

ಏನು ಬೇಕಾದರೂ ಹೇಳಬಹುದಿತ್ತು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ತನ್ವಿ ಕಾಯುತ್ತಿದ್ದಳು.

"ನಾನು ಅವಳಿಗೆ ಸುಳ್ಳು ಹೇಳಿದೆ ಅಂದಳು" ಎಂದಳು ನೀರಜಾ. "ನಿಜ."