ಯಾರ ಗೇಣು?

ಕಿಟಕಿ ಪಕ್ಕದಲ್ಲಿ ಮಲಗಬೇಕೆಂಬುದು ಟೈಲರನ ಹೆಂಡತಿಯ ಬಹುದಿನದ ಆಸೆ. "ಅಲ್ಲಿ ನನ್ನ ಬೀರು ಇದೆ ಕಣೇ, ಮಂಚ ಹಿಡಿಸಲ್ಲ" ಎನ್ನುತ್ತಿದ್ದ ಗಂಡ ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಅವನ ಅಳತೆಯ ಟೇಪನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಳು. ಮಧ್ಯಾಹ್ನ, "ಟೇಪು ಸಿಗದಿದ್ರೆ ಬಿಡಿ, ಗೇಣು ಹಾಕಿ ನೋಡೇಬಿಡೋಣ ರೀ. ನೀವು ಮಂಚ ಅಳೀರಿ, ನಾನು ಗೋಡೆ ಅಳೀತೀನಿ" ಎಂದಳು.

ಅವನ ಅಗಲವಾದ ಕೈಗೆ ಮಂಚ ಒಂಬತ್ತು ಗೇಣು ಬಂತು. ಬೀರು ಬಿಟ್ಟು ಉಳಿದ ಗೋಡೆ ಅವಳ ಪುಟ್ಟ ಕೈಗೆ ಹತ್ತು ಗೇಣು ಬಂತು.

"ಧಾರಾಳವಾಗಿ ಹಿಡಿಸುತ್ತೆ!" ಎಂದಳು, ನಗು ನುಂಗಿಕೊಂಡು.

ಇಬ್ಬರೂ ಏದುಸಿರು ಬಿಡುತ್ತಾ ಮಂಚ ತಳ್ಳಿದರು. ಅದು ಬೀರುವಿಗೆ ಢಿಕ್ಕಿ ಹೊಡೆದು ನಿಂತಿತು.

"ಅಯ್ಯೋ, ಇಷ್ಟು ದೂರ ತಂದಾಯ್ತಲ್ಲ! ಇನ್ನು ಬೀರುನೇ ಆಚೆ ಹೋಗಬೇಕಷ್ಟೆ" ಎಂದು ಏನೂ ಅರಿಯದವಳಂತೆ ಬೀರುವಿಗೆ ಹೆಗಲು ಕೊಟ್ಟಳು. ಅದು ಸಲೀಸಾಗಿ ಸರಿಯಿತು. ಅವಳು ಅದರ ಬಾಗಿಲು ತೆರೆದರೆ ಒಳಗೆ ಒಂದು ಬಟ್ಟೆಯೂ ಇಲ್ಲ.

"ನೀನು ಟೇಪು ಬಚ್ಚಿಟ್ಟಿದ್ದು ನೋಡಿದಾಗಲೇ ನಾನು ಬೀರು ಖಾಲಿ ಮಾಡಿಟ್ಟೆ" ಎಂದ ಗಂಡ. "ಮೂವತ್ತು ವರ್ಷ ನಿನ್ನ ಬಟ್ಟೆ ಹೊಲಿದವನಿಗೆ ನಿನ್ನ ಗೇಣು ಎಷ್ಟುದ್ದ ಅಂತ ಗೊತ್ತಿಲ್ವೇನೇ?"

"ಮತ್ತೆ ಆಗಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಅಳೆಯೋ ಚೆಂದ ನೋಡೋಕಾಗ್ತಿತ್ತಾ?"